ಕುಡ್ಲು ಬಿದ್ದ ಮಿಷೀನು

“ಸಾಕು, ಕೈ ತೆಗಿಯೇ. ಇವತ್ತೊಂದಿನ ಅದು ದೇವ್ರು,” ಎಂದು ಅನಿಲ್‌ಕುಮಾರ್ ದ್ಯಾವೀರಮ್ಮನ ಕೈಯಿಂದ ಮಿಷೀನನ್ನು ಕಿತ್ತುಕೊಂಡರು. ಅದರ ಬಾಯಲ್ಲಿ ಇನ್ನೂ ಕಾಳಿನಷ್ಟು ಚಿಕ್ಕ, ಮೂರು ಕಾಲಿನ ಒಂದು ಟ್ರಾನ್ಸಿಸ್ಟರು ಕಚ್ಚಿಕೊಂಡಿತ್ತು. ಅದನ್ನು ಬಿಡಿಸಿ ಅವಳ ಮಡಿಲಿಗೆ ಎಸೆದು, ರೇಷ್ಮೆ ಶಲ್ಯದ ಚುಂಗಿನಿಂದ ಮಿಷೀನನ್ನು ಒರಸಿದರು. ಮೊದಲು ಗಾಜು ಒರಸಿದರು. ಆಮೇಲೆ ಅವಳು ಹಿಡಿದಿದ್ದ ಜಾಗವನ್ನು ಇನ್ನೊಂದು ಸಲ ಒರಸಿದರು.

ವರ್ಷದ ಉಳಿದ ದಿನಗಳಲ್ಲಿ ಅದು ದೇವರಾಗಿರಲಿಲ್ಲ. ಅಂಗೈಯಗಲದ, ಟ್ರಾನ್ಸಿಸ್ಟರುಗಳ ಹಣೆಬರಹ ಹೇಳುವ ಒಂದು ಯಂತ್ರವಾಗಿತ್ತು. ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಅದರ ಬಾಯಿಗೆ ಸಿಕ್ಕಿಸಿ, ಪಕ್ಕದ ಪುಟ್ಟ ಹಿಡಿಯನ್ನು ಮಡಚಿ, ಗುಂಡಿ ಒತ್ತಿದರೆ, ಒಂದು ಉಸಿರು ಎಳೆಯುವಷ್ಟರಲ್ಲಿ ಗಾಜಿನ ಮೇಲೆ ಉತ್ತರ ಬರುತ್ತಿತ್ತು. ಜೀವ ಇದ್ದರೆ ಒಂದು ಚಿತ್ರ, ಪಕ್ಕದಲ್ಲಿ ಅಂಕಿ. ಸತ್ತಿದ್ದರೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ, ಅದರ ಕೆಳಗೆ ಇಂಗ್ಲಿಷಿನ ಒಂದು ಸಾಲು. ಆ ಸಾಲನ್ನು ಅಲ್ಲಿಯ ಹೆಂಗಸರಲ್ಲಿ ಯಾರೂ ಓದಿರಲಿಲ್ಲ, ಓದುವ ಅಗತ್ಯವೂ ಬಿದ್ದಿರಲಿಲ್ಲ. ಆ ಚಿಹ್ನೆ ಅವರ ಕಣ್ಣಿಗೆ ಕುಡುಗೋಲಿನಂತೆ ಕಂಡಿತ್ತು. “ಕುಡ್ಲು ಬಿತ್ತು” ಎಂದು ಗುಂಡಿ ಒತ್ತುವ ದ್ಯಾವೀರಮ್ಮ ಅಂದರೆ, ಪಕ್ಕದಲ್ಲಿ ಕೂತ ಧನಲಕ್ಷ್ಮಿ ಅದನ್ನು ಕೆಟ್ಟದ್ದರ ಡಬ್ಬಿಗೆ ಎಸೆಯುವಳು.

ಡಬ್ಬಿಗಳು ಮೂರು. ಒಳ್ಳೇದು, ಕೆಟ್ಟದ್ದು, ಮತ್ತು ನಡೀತದೆ. ಒಳ್ಳೇದು ಹಾಸನಕ್ಕೂ ಬೆಂಗಳೂರಿಗೂ ಹೋಗುತ್ತಿತ್ತು. ಅಂಕಿ ಕಮ್ಮಿ ಬಂದವು, ಕಾವೇರಿದರೆ ಕೈಕೊಡುವಂಥವು ‘ನಡೀತದೆ’ ಡಬ್ಬಿಗೆ ಬಿದ್ದು, ಮಲ್ಲಿಪಟ್ಟಣದಂಥ ಊರುಗಳ ರಿಪೇರಿ ಅಂಗಡಿಗಳಿಗೆ ಹೋಗುತ್ತಿದ್ದವು. ಹಳ್ಳಿಯವರಿಗೆ ನಡೆಯುತ್ತದೆ ಎನ್ನುವುದು ಅನಿಲ್‌ಕುಮಾರರ ನಂಬಿಕೆ. ಹಳ್ಳಿಯವರನ್ನು ಕೇಳಿ ಮಾಡಿಕೊಂಡ ನಂಬಿಕೆಯಲ್ಲ ಅದು.

ಈ ವ್ಯವಹಾರವೆಲ್ಲ ನಡೆಯುತ್ತಿದ್ದದ್ದು ಚನ್ನರಾಯಪಟ್ಟಣದ ಹೊರಗೆ, ಬೆಳಗೊಳದ ದಾರಿಯಲ್ಲಿ, ಹಿಂದೆ ಕೊಬ್ಬರಿ ತುಂಬುತ್ತಿದ್ದ ಅನಿಲ್‌ಕುಮಾರರ ಗೋದಾಮಿನಲ್ಲಿ. ಎಲ್ಲವನ್ನೂ ಬಿಟ್ಟು ಬೆಟ್ಟದ ಮೇಲೆ ನಿಂತ ಸ್ವಾಮಿಯ ದರ್ಶನಕ್ಕೆ ಹೋಗುವ ಬಸ್ಸುಗಳು ಅದರ ಮುಂದೆಯೇ ಹಾಯುತ್ತಿದ್ದವು. ಗೋದಾಮಿನೊಳಗೆ ಮಾತ್ರ ಯಾರೂ ಏನನ್ನೂ ಬಿಡುತ್ತಿರಲಿಲ್ಲ, ಸತ್ತ ಟಿ.ವಿ.ಯ ಕಾಲುಗುರನ್ನು ಕೂಡ. ಹಾಳಾದ ಟಿ.ವಿ., ಯು.ಪಿ.ಎಸ್., ಮೈಕ್‌ಸೆಟ್ಟುಗಳ ಒಳಗಿನ ಹಸಿರು ಹಲಗೆಗಳು ಮೂಟೆಗಟ್ಟಲೆ ಬರುತ್ತಿದ್ದವು. ಹಿತ್ತಲಲ್ಲಿ ತಗಡಿನ ಒಲೆಗಳಿದ್ದವು. ಹಲಗೆಗಳನ್ನು ಒಲೆಯ ಮೇಲೆ ಕಾಯಿಸಿದರೆ ಬೆಸುಗೆಯ ಸೀಸ ಕರಗುತ್ತಿತ್ತು; ಆಗ ಕಲ್ಲಿಗೆ ಕುಟ್ಟಿದರೆ ಟ್ರಾನ್ಸಿಸ್ಟರುಗಳು ಉದುರುತ್ತಿದ್ದವು. ಅವು ಉದುರುವಾಗ ಏಳುವ ಹೊಗೆ ಬಿಳಿಯೂ ಅಲ್ಲ, ಕಪ್ಪೂ ಅಲ್ಲ. ಕಾಲೋನಿಯ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅದರಲ್ಲಿ ಕೂತಿರುತ್ತಿದ್ದರು. ಅನಿಲ್‌ಕುಮಾರ್ ಹಿತ್ತಲಿಗೆ ಬರುತ್ತಿರಲಿಲ್ಲ. ಅವರಿಗೆ ಧೂಳಿನ ಅಲರ್ಜಿ ಇತ್ತು.

ದ್ಯಾವೀರಮ್ಮನ ಮಗಳು ಸವಿತ ಆ ಒಲೆಯ ಮುಂದೆ ಕೂತವಳು. ಕೆಮ್ಮು ಬಂತು. ಕೆಮ್ಮಿನ ಹಿಂದೆ ರಕ್ತ ಬಂತು. ಹೋದ ಕಾರ್ತಿಕದಲ್ಲಿ, ಹಾಸನದ ಆಸ್ಪತ್ರೆಯಲ್ಲಿ, ತಾಯಿಯ ಕೈಯನ್ನು ಹಿಡಿದುಕೊಂಡೇ ಹೋದಳು. ಹುಟ್ಟಿದಾಗಿನಿಂದಲೇ ಅವಳ ಮೈ ವೀಕು ಎಂದು ಅನಿಲ್‌ಕುಮಾರ್ ಕಂಡುಹಿಡಿದರು. ಅವಳು ಹುಟ್ಟಿದಾಗ ಅವರೇನೂ ಹತ್ತಿರ ಇರಲಿಲ್ಲ, ಆದರೂ ಕಂಡುಹಿಡಿದರು. ಮಣ್ಣಿಗೆ ಬಂದು ಒಂದು ಹಾರ ಹಾಕಿದರು. ತಾಯಿಗೆ ಫ್ಯಾನಿನ ಕೆಳಗೆ, ಮಿಷೀನಿನ ಮುಂದೆ, ಬೆಂಚಿನ ಕೆಲಸ ಕೊಟ್ಟರು. ಇದನ್ನು ಆಮೇಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡರು.

ಧನಲಕ್ಷ್ಮಿ ಸವಿತಳ ಜೊತೆ ಅದೇ ಒಲೆಯ ಮುಂದೆ ಕೂರುತ್ತಿದ್ದ ಹುಡುಗಿ. ಎರಡು ತಿಂಗಳ ಹಿಂದೆ ಅವಳು ನೀರು ಸೇದುವ ಜಾಗದಲ್ಲಿ ಕೂತು ಓಕರಿಸಿದ್ದನ್ನು ದ್ಯಾವೀರಮ್ಮ ನೋಡಿದಳು, ಏನೂ ಕೇಳಲಿಲ್ಲ. ಮಾರನೆಯ ದಿನ ಅನಿಲ್‌ಕುಮಾರರ ಬಳಿ ಹೋಗಿ, ತನಗೆ ಕಣ್ಣು ಮಂಜು, ಡಬ್ಬಿ ತಪ್ಪುತ್ತದೆ, ಪಕ್ಕಕ್ಕೆ ಒಬ್ಬಳು ಬೇಕು ಎಂದು ಸುಳ್ಳು ಹೇಳಿ, ಹುಡುಗಿಯನ್ನು ಹಿತ್ತಲಿಂದ ಒಳಕ್ಕೆ ತಂದಳು. ಬಸುರಿಯರಿಗೆ ಅಲ್ಲಿ ಕೆಲಸವಿರಲಿಲ್ಲ. ಗೊತ್ತಾದ ದಿನವೇ ಮನೆಗೆ ಕಳಿಸುತ್ತಿದ್ದರು, ಅವರ ಆರೋಗ್ಯದ ಮೇಲಿನ ಕಾಳಜಿಯಿಂದ. ಧನಲಕ್ಷ್ಮಿಯ ಗಂಡ ಸಕಲೇಶಪುರದ ಕಡೆ ಎಸ್ಟೇಟಿಗೆ ಹೋದವನು ಫೋನು ಎತ್ತುವುದನ್ನೇ ಬಿಟ್ಟಿದ್ದ. ಆದ್ದರಿಂದ ಒಳಗಿನ ಈ ಬೆಂಚು ಅವಳಿಗೆ ಅನ್ನವೂ ಹೌದು, ಉಸಿರೂ ಹೌದು. ಹೊಟ್ಟೆ ಸೆರಗಿನ ಮರೆಯಲ್ಲಿ ನಿಲ್ಲುವವರೆಗಾದರೂ ಅವಳನ್ನು ಅಲ್ಲಿ ಉಳಿಸಬೇಕು ಎನ್ನುವುದೊಂದೇ ದ್ಯಾವೀರಮ್ಮನ ಆಸೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಅವಳು ಮಿಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದಕ್ಕೆ ಆಯುಧಪೂಜೆಯೇ ಬರಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇವತ್ತು ಪೂಜೆಗೆಂದು ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ತೋರಣದ ಆಚೆ ಬಿಸಿಲಲ್ಲಿ ಹೆಂಗಸರು ನಿಂತಿದ್ದರು. ಒಳಗೆ ಜಾಗ ಕಮ್ಮಿ ಎಂದು ಅನಿಲ್‌ಕುಮಾರ್ ಮೊದಲೇ ಕೈಮುಗಿದು ಹೇಳಿದ್ದರು. ಅವರ ನೆಂಟರಿಗೆಲ್ಲ ಒಳಗೆ ಜಾಗ ಆಗಿತ್ತು, ಹೊಸ ಬಿಳಿ ಕಾರಿಗೂ ಆಗಿತ್ತು. ಕಾರಿನ ಎರಡು ಕಡೆಗೂ ಬಾಳೆಕಂದು ಕಟ್ಟಿ ಗೋದಾಮಿನೊಳಕ್ಕೇ ತಂದು ನಿಲ್ಲಿಸಿದ್ದರು. ತೂಕದ ಯಂತ್ರ, ಕಂಪ್ಯೂಟರು, ಇನ್ವರ್ಟರು, ಬೆಸುಗೆ ಕಡ್ಡಿ, ಸುತ್ತಿಗೆ, ಎಲ್ಲಕ್ಕೂ ವಿಭೂತಿ ಕುಂಕುಮ ಆಗಿತ್ತು. ನಡುವೆ ದೇವರ ಪಟ. ಪಟದ ಮುಂದೆ ಬೆಳ್ಳಿ ತಟ್ಟೆಯಲ್ಲಿ, ಗುಲಾಬಿ ದಳಗಳ ಮೇಲೆ, ಮಿಷೀನು ಮಲಗಿತ್ತು.

ಅನಿಲ್‌ಕುಮಾರರ ಹೆಂಡತಿ ಸ್ನೇಹಲತಾ ಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು. ಅವರು ಪೂಜೆಗೆ ಒಂದು ಚೊಂಬು ತಂದಿದ್ದರು. ಅದರಲ್ಲಿದ್ದದ್ದಕ್ಕೆ ದ್ಯಾವೀರಮ್ಮನ ಕೇರಿಯಲ್ಲಿ ಗಂಜಲ ಎನ್ನುತ್ತಾರೆ. ಬೆಳ್ಳಿ ಚೊಂಬಿಗೆ ಬಂದದ್ದರಿಂದ ಅದರ ಹೆಸರು ಗೋಮೂತ್ರ. ಪುರೋಹಿತರು ಮಾವಿನೆಲೆಯನ್ನು ಅದರಲ್ಲಿ ಅದ್ದಿ, ಎಲ್ಲ ಯಂತ್ರಗಳ ಮೇಲೂ ಸಿಡಿಸಿಯೂ ಸಿಡಿಸದ ಹಾಗೆ ಗಾಳಿಯಲ್ಲಿ ಆಡಿಸಿಕೊಂಡು ಬಂದರು. ಅವರು ಇಂಥ ಪೂಜೆಗಳನ್ನು ಮಾಡಿ ಪಳಗಿದವರು. ಮಿಷೀನಿನ ಹತ್ತಿರ ಬಂದಾಗ ಸ್ನೇಹಲತಾ ತಡೆದರು. ಇದನ್ನು ದಿನಾ ಮುಟ್ಟುವವರು ಯಾರು ಎಂಬುದು ತಮಗೂ ಗೊತ್ತಲ್ಲ, ಇದಕ್ಕೆ ಅಷ್ಟು ಸಾಲದು ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಬಾಗಿಲಾಚೆಗೂ ಕೇಳಿಸಿತು. ಆಮೇಲೆ ತಾವೇ ಚೊಂಬನ್ನು ಬಗ್ಗಿಸಿ, ಶ್ರದ್ಧೆಯಿಂದ, ಕಣ್ಣು ಮುಚ್ಚಿ, ಮಿಷೀನಿನ ಬಾಯಿಗೇ ಹೊಯ್ದರು. ಮೈಲಿಗೆ ಅದರೊಳಗೆ ಹೋದದ್ದು ಬಾಯಿಂದ ತಾನೇ.

“ದೊಡ್ಡವ್ವ, ಅದ್ರೊಳೀಕೇ ಉಯ್ದ್ರಲ್ಲ,” ಎಂದಳು ಧನಲಕ್ಷ್ಮಿ.

“ಸುಮ್ಕಿರು. ದೇವ್ರಿಗೆ ಬಾಯಾರಿತ್ತೇನೋ,” ಎಂದಳು ದ್ಯಾವೀರಮ್ಮ.

ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆದರು. ಒಳಗಿನವರಿಗೆ ಬಾಳೆಲೆಯ ದೊನ್ನೆಯಲ್ಲಿ, ಹೊರಗಿನವರಿಗೆ ಪೇಪರ್ ಲೋಟದಲ್ಲಿ ಪ್ರಸಾದ ಬಂತು. ಎಲ್ಲರಿಗೂ ಒಂದೇ ಪ್ರಸಾದ ಎಂದು ಅನಿಲ್‌ಕುಮಾರ್ ಎರಡು ಸಲ ಹೇಳಿದರು.

ಷಡಕ್ಷರಿ ಬಂದದ್ದು ಆಗ. ಹಾಸನದಲ್ಲಿ ಮೈಕ್‌ಸೆಟ್ಟು ಮಾರುವ, ರಿಪೇರಿ ಮಾಡುವ ಅಂಗಡಿ ಅವರದು. ‘ಒಳ್ಳೇದು’ ಡಬ್ಬಿಯ ಬಹುಪಾಲು ಅವರಿಗೇ ಹೋಗುತ್ತಿತ್ತು. ಪ್ರಸಾದ ಕಣ್ಣಿಗೊತ್ತಿಕೊಂಡ ಮೇಲೆ, ಮದುವೆ ಸೀಸನ್ನು ಬರುತ್ತಿದೆ, ಹೋದ ಸಲದ ಮಾಲಿನಲ್ಲಿ ಕೆಲವು ಕೈಕೊಟ್ಟವು, ತಾವು ನಿಜವಾಗಿ ಒಂದೊಂದನ್ನೂ ಪರೀಕ್ಷೆ ಮಾಡುತ್ತೀರಾ ಎಂದು ನಗುತ್ತಲೇ ಕೇಳಿದರು. ಅನಿಲ್‌ಕುಮಾರ್ ಇನ್ನೂ ದೊಡ್ಡದಾಗಿ ನಕ್ಕರು. ನೆಂಟರನ್ನೆಲ್ಲ ಹತ್ತಿರ ಕರೆದರು. ತಟ್ಟೆಯಿಂದ ಮಿಷೀನನ್ನು ಎರಡೂ ಕೈಯಲ್ಲಿ ಎತ್ತಿ, ‘ಒಳ್ಳೇದು’ ಡಬ್ಬಿಯಿಂದ ಒಂದನ್ನು ತೆಗೆದು ಸಿಕ್ಕಿಸಿ ಗುಂಡಿ ಒತ್ತಿದರು.

ಕುಡ್ಲು ಬಿತ್ತು.

ಇನ್ನೊಂದು ಹಾಕಿದರು. ಕುಡ್ಲು. ಡಬ್ಬಿಯ ತಳದಿಂದ ಬೆದಕಿ ಒಂದನ್ನು ತೆಗೆದರು. ಅದಕ್ಕೂ ಕುಡ್ಲು. ಪೊಟ್ಟಣ ಒಡೆಯದ ಹೊಸದೊಂದನ್ನು ಬೀರುವಿನಿಂದ ತರಿಸಿ ಹಾಕಿದರು. ಮಿಷೀನು ಹೊಸದು ಹಳೆಯದೆಂಬ ಭೇದವಿಲ್ಲದೆ ಎಲ್ಲವನ್ನೂ ಸಮನಾಗಿ ಕೊಯ್ದು ಹಾಕಿತು. ಷಡಕ್ಷರಿ ಬಾಗಿಲಲ್ಲಿ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ನೋಡುತ್ತ ನಿಂತರು.

ಮಿಷೀನಿನ ಗಾಜಿನ ಮೂಲೆಯಲ್ಲಿ ಒಂದು ಹನಿ ಜಾರುತ್ತಿತ್ತು. ಅನಿಲ್‌ಕುಮಾರ್ ಅದನ್ನು ಹೆಬ್ಬೆರಳಲ್ಲಿ ಒರಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಮೂಸಿದರು. ಹೆಂಡತಿಯ ಕಡೆ ನೋಡಿದರು. ಹೆಂಡತಿಯೂ ಅವರ ಕಡೆ ನೋಡಿದರು. ಆ ಒಂದು ನೋಟದಲ್ಲಿ ಇಬ್ಬರಿಗೂ ಎಲ್ಲ ಗೊತ್ತಾಯಿತು. ಗೊತ್ತಾದದ್ದನ್ನು ಹೇಳುವ ಹಾಗಿರಲಿಲ್ಲ. ತೀರ್ಥದಿಂದ ಕೆಟ್ಟಿತು ಎಂದರೆ ಪುರೋಹಿತರಿಗೆ ಕಷ್ಟ, ಹೊಯ್ದದ್ದರಿಂದ ಕೆಟ್ಟಿತು ಎಂದರೆ ಮನೆಯಲ್ಲಿ ಕಷ್ಟ. ಪೇಟೆಗೆ ಹೋದರೆ ಅಂಥ ಇನ್ನೊಂದು ಮಿಷೀನು ಸಿಗುತ್ತಿತ್ತು. ನೆಂಟರ ಮುಂದೆ ಹೋದ ಮಾನ ಸಿಗುತ್ತಿರಲಿಲ್ಲ.

ಅಂಥ ಹೊತ್ತಿಗೆ ಒದಗುವುದಕ್ಕೇ ಪುರೋಹಿತರು ಇರುವುದು. ಅವರು ಗಂಟಲು ಸರಿಮಾಡಿಕೊಂಡು, ಪೂಜೆಯಲ್ಲಿ ಲೋಪವಿಲ್ಲ, ಪೂಜೆಗೆ ಮುಂಚೆಯೇ ಏನೋ ಮೈಲಿಗೆ ಆಗಿದೆ ಎಂದರು. ಹೊರಗಾದ ಹೆಂಗಸು ಯಾರೋ ಮುಟ್ಟಿದ್ದಾರೆ, ಸಂಶಯವಿಲ್ಲ ಎಂದರು. ಎಲ್ಲರಿಗೂ ಒಮ್ಮೆಲೇ ಉಸಿರು ಬಂತು. ಎಲ್ಲರ ಮುಖವೂ ಬಾಗಿಲಿನ ಕಡೆ ತಿರುಗಿತು.

ಸ್ನೇಹಲತಾ ತೋರಣದವರೆಗೆ ಬಂದು, ಚೊಂಬನ್ನು ಎದೆಗೆ ಹಿಡಿದುಕೊಂಡು, ನಿಮ್ಮಲ್ಲಿ ಯಾರು ಹೊರಗಿದ್ದೀರಿ ಎಂದು ಕೇಳಿದರು.

“ನಾವೆಲ್ಲ ವರ್ಗೇ ಅಲ್ವ್ರಾ ಅವ್ವಾರೆ ಇರಾದು,” ಎಂದಳು ದ್ಯಾವೀರಮ್ಮ. “ವತ್ತಾರೆಯಿಂದ ನೀವೇ ನಿಲ್ಸಿದೀರಲ್ಲ.”

ಹೆಂಗಸರಲ್ಲಿ ಯಾರೋ ಸೆರಗಿನೊಳಗೆ ಕಿಸಕ್ಕೆಂದರು.

“ಬಾಯ್ಮುಚ್ಚೇ ಮುಂಡೆ,” ಎಂದರು ಅನಿಲ್‌ಕುಮಾರ್. “ಅನ್ನ ಆಕ್ದೋರ ಮುಂದೆ ಮಾತು ನೋಡು ಬೇವರ್ಸಿಗಳ್ದು. ಮಿಷೀನ್ ಮುಟ್ಟೋರು ನೀವಿಬ್ರೇ. ನಿಂದು ಕಾಲ ಮುಗ್ದೈತೆ. ಇನ್ಯಾರು ಉಳುದ್ರು, ಇವ್ಳಲ್ವಾ?”

ಎಲ್ಲರೂ ಧನಲಕ್ಷ್ಮಿಯನ್ನು ನೋಡಿದರು. ಅವಳು ಪ್ರಸಾದದ ಲೋಟವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅಡ್ಡ ಹಿಡಿದಿದ್ದಳು. ಇಲ್ಲ ಸಾ ಎಂದಳು. ಇಲ್ಲ ಎಂದು ಎಲ್ಲರೂ ಹೇಳುತ್ತಾರೆ ಎಂದರು ಪುರೋಹಿತರು. ಮುಟ್ಟಿದವಳು ತಪ್ಪು ಒಪ್ಪಿಕೊಂಡರೆ ಸಾಕು, ದೋಷ ಕಳೆಯುತ್ತದೆ, ಆಮೇಲೆ ಅವಳನ್ನು ಹಿತ್ತಲ ಒಲೆಯ ಕೆಲಸಕ್ಕೆ ಹಾಕಿ, ಬೆಂಕಿಯ ಹತ್ತಿರ ಇದ್ದರೆ ಮೈಲಿಗೆ ನಿಲ್ಲುವುದಿಲ್ಲ ಎಂದು ಪರಿಹಾರವನ್ನೂ ಹೇಳಿದರು. ಸ್ನೇಹಲತಾ ಇನ್ನೂ ಮುಂದೆ ಹೋದರು. ಊಹೆಯ ಮೇಲೆ ಯಾರನ್ನೂ ದೂಷಿಸುವುದು ತಮಗೆ ಸರಿಬರುವುದಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಸೀರೆ ಎತ್ತಿಸಿ ನೋಡಿದರೆ ಅನುಮಾನವೇ ಇರುವುದಿಲ್ಲ ಎಂದರು. ಅದನ್ನು ಅವರು ಕಾಲೇಜಿನಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದರು.

ಧನಲಕ್ಷ್ಮಿಯ ಕೈಯ ಲೋಟ ಮುದುಡಿತು. “ದೊಡ್ಡವ್ವ, ನೀರು ನಿಂತೈತೆ ಅಂತ ಏಳ್ಬುಡ್ಲಾ,” ಎಂದು ಅವಳು ಪಿಸುಗುಟ್ಟಿದಳು.

ಬಸುರಿ ಎಂದು ಹೇಳಿದರೆ ಸಂಜೆಗೇ ಮನೆಗೆ. ಹೇಳದಿದ್ದರೆ ಬಚ್ಚಲಿಗೆ. ಬಚ್ಚಲಲ್ಲಿ ಸೀರೆ ಎತ್ತಿದವರಿಗೆ ರಕ್ತ ಕಾಣುವುದಿಲ್ಲ, ಹೊಟ್ಟೆ ಕಾಣುತ್ತದೆ. ಹೂಂ, ಹೊರಗಾಗಿದ್ದೆ ಎಂದು ಒಪ್ಪಿಕೊಂಡರೆ ಒಲೆಗೆ. ದ್ಯಾವೀರಮ್ಮ ಒಂದು ಗಳಿಗೆ ಹಿತ್ತಲ ಕಡೆ ನೋಡಿದಳು. ಹಬ್ಬವೆಂದು ಅಲ್ಲಿ ಹೊಗೆ ಇರಲಿಲ್ಲ. ಸವಿತ ಕೂರುತ್ತಿದ್ದ ಮಣೆ ಗೋಡೆಗೆ ಒರಗಿತ್ತು.

“ಆ ಮಗೀನ ಬುಡಿ,” ಎಂದಳು. “ನಾನೇ ವರ್ಗಾಗಿರಾದು.”

ನೆಂಟರಲ್ಲಿ ನಗು ಹಬ್ಬಿತು. ಅವಳ ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕಾಗಿತ್ತು.

“ಈ ವಯಸ್ಸಲ್ಲಾ?” ಎಂದರು ಅನಿಲ್‌ಕುಮಾರ್.

“ಭಗವಂತ ಮನಸ್ ಮಾಡುದ್ರೆ ಏನ್ ತಾನೆ ಆಗಾಕಿಲ್ಲ ಸಾ. ಅಯ್ನೋರು ಸಂಶಯವಿಲ್ಲ ಅಂದವ್ರಲ್ಲ.”

ಪುರೋಹಿತರು ಯೋಚಿಸಿದರು. ಶಾಸ್ತ್ರಕ್ಕೆ ಒಬ್ಬಳು ಬೇಕಾಗಿತ್ತು, ವಯಸ್ಸನ್ನು ಶಾಸ್ತ್ರ ಕೇಳಿರಲಿಲ್ಲ. ಕೆಲವರಿಗೆ ಹಾಗೂ ಆಗುವುದುಂಟು ಎಂದುಬಿಟ್ಟರು. ಅನಿಲ್‌ಕುಮಾರರ ಮುಖ ಅರಳಿತು. ಷಡಕ್ಷರಿಯವರ ಹೆಗಲ ಮೇಲೆ ಕೈ ಹಾಕಿ, ನೋಡಿದಿರಾ, ಮಾಲಿನಲ್ಲಿ ದೋಷವಿಲ್ಲ ಎಂದರು. ನಾಳೆಯಿಂದ ಹಿತ್ತಲಿಗೆ ಹೋಗು ಎಂದು ದ್ಯಾವೀರಮ್ಮನಿಗೆ ಹೇಳಿದರು. ಅವಳು ಆಗಲಿ ಎಂದಳು. ಮಗಳ ಮಣೆಯ ಮೇಲೆ ತಾಯಿ ಕೂರುವುದು ಅವಳಿಗೆ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಒಳಗಿನ ಬೆಂಚು ಹುಡುಗಿಗೆ ಉಳಿಯಿತಲ್ಲ.

ಉಳಿಯಲಿಲ್ಲ. ಸ್ನೇಹಲತಾ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ.

“ಇವಳನ್ನೂ ಕಳ್ಸಿ ರೀ,” ಎಂದರು ಗಂಡನಿಗೆ. “ದಿನಾ ಪಕ್ಕದಲ್ಲಿ ಕೂತಿರ್ತಾಳೆ. ಮುಟ್ಟಿಸ್ಕೊಂಡವಳಿಗೂ ಅಂಟಿರುತ್ತೆ. ಇಬ್ಬರೂ ಒಲೆ ಹತ್ರ ಹೋಗ್ಲಿ.”

ಅನಿಲ್‌ಕುಮಾರ್ ಅದಕ್ಕೇನಂತೆ ಎಂಬಂತೆ ಕೈಯಾಡಿಸಿದರು. ಅವರ ಮನಸ್ಸು ಆಗಲೇ ಊಟದ ಕಡೆ ತಿರುಗಿತ್ತು. ಧನಲಕ್ಷ್ಮಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ದ್ಯಾವೀರಮ್ಮ ಅವಳನ್ನು ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಆಮೇಲೆ ನೆಟ್ಟಗಾಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ನಾನು ಮುಟ್ಟಿದ್ಕೆಲ್ಲ ಅಂಟ್ತದಾ ಅವ್ವಾರೆ?”

“ಅಂಟದೆ ಇನ್ನೇನು,” ಎಂದರು ಸ್ನೇಹಲತಾ.

“ಅಂಟುದ್ರೆ ಏನ್ ಮಾಡ್ಬೇಕು?”

“ಇದರಲ್ಲಿ ತೊಳೀಬೇಕು,” ಎಂದು ಅವರು ಚೊಂಬು ತೋರಿಸಿದರು.

ದ್ಯಾವೀರಮ್ಮ ಹೊಸಿಲು ದಾಟಿದಳು. ತೋರಣದ ಎಲೆಯೊಂದು ಅವಳ ತಲೆಗೆ ತಾಕಿತು. ಅವಳು ಅವಸರ ಮಾಡಲಿಲ್ಲ. ನೆಂಟರು ಸೀರೆ, ಪಂಚೆ ಎತ್ತಿಕೊಂಡು ಎರಡೂ ಕಡೆಗೆ ಸರಿದು ಅವಳಿಗೆ ದಾರಿ ಮಾಡಿಕೊಟ್ಟರು. ಅಷ್ಟು ಮರ್ಯಾದೆ ಅವಳಿಗೆ ಆ ಗೋದಾಮಿನಲ್ಲಿ ಎಂದೂ ಸಿಕ್ಕಿರಲಿಲ್ಲ. ನೇರವಾಗಿ ತೂಕದ ಯಂತ್ರದ ಹತ್ತಿರ ಹೋಗಿ, ಅದರ ತಟ್ಟೆಯ ಮೇಲೆ ಅಂಗೈಯನ್ನು ಊರಿದಳು. ಅಂಕಿಗಳು ಮಿನುಗಿದವು.

“ಅಂಟ್ತು,” ಎಂದಳು. “ಉಯ್ರವ್ವ.”

ಇನ್ವರ್ಟರಿನ ಬೆನ್ನು ಸವರಿದಳು. ಕಂಪ್ಯೂಟರಿನ ಮುಖದ ಮೇಲೆ, ಕುಂಕುಮದ ಬೊಟ್ಟಿನ ಪಕ್ಕದಲ್ಲೇ, ಐದೂ ಬೆರಳು ಮೂಡುವ ಹಾಗೆ ಒತ್ತಿದಳು. ಪ್ರತಿಯೊಂದಕ್ಕೂ ಅದೇ ಮಾತು, ಅದೇ ದನಿ. ಬೆಂಚಿನಲ್ಲಿ ಕೂತು ಕೆಲಸ ಮಾಡುವಾಗಿನ ದನಿ. ಅನಿಲ್‌ಕುಮಾರ್ ಏನೇ ನಿನ್ನವ್ವನ್ ಎಂದು ಕೂಗಿ ಅವಳನ್ನು ಹಿಡಿಯಲು ಬಂದರು. ಎರಡು ಹೆಜ್ಜೆ ದೂರದಲ್ಲಿ ನಿಂತರು. ಹಿಡಿಯಬೇಕಾದರೆ ಮುಟ್ಟಬೇಕಾಗಿತ್ತು. ಅವರ ಕೈ ಅವಳ ರಟ್ಟೆಯ ಹತ್ತಿರ ಗಾಳಿಯಲ್ಲೇ ನಿಂತಿತು. ಆ ಕೈಯಲ್ಲಿದ್ದ ಫೋನಿನ ಮೇಲೆ ಅವಳು ಒಂದು ಬೆರಳು ಇಟ್ಟಳು.

“ಇದ್ಕೂ.”

ಪುರೋಹಿತರನ್ನು ಎಲ್ಲರೂ ನೋಡಿದರು. ಪುರೋಹಿತರು ತಮ್ಮ ಚೀಲದ ಬಾಯಿ ಕಟ್ಟುತ್ತಿದ್ದರು. ಷಡಕ್ಷರಿ ಕೆಮ್ಮು ಬಂದವರ ಹಾಗೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಅಲುಗುತ್ತಿತ್ತು.

ದೇವರ ಪಟದ ಮುಂದೆ ದ್ಯಾವೀರಮ್ಮ ನಿಂತಳು. ದೀಪ ಇನ್ನೂ ಉರಿಯುತ್ತಿತ್ತು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ತಲೆಯನ್ನು ಮಾತ್ರ ಬಾಗಿಸಿದಳು.

“ನಿನ್ನ ಮುಟ್ಟಾಕಿಲ್ಲ ಕಣಪ್ಪ,” ಎಂದಳು, ಮನೆಯವನಿಗೆ ಹೇಳುವ ಹಾಗೆ. “ನಿಂಗೂ ಉಯ್ದ್ಬುಟ್ಟಾರು.”

ಆಮೇಲೆ ಕಾರಿನ ಹತ್ತಿರ ಹೋಗಿ ಅದರ ಬಿಳಿಯ ಹಣೆಯ ಮೇಲೆ ಎರಡೂ ಅಂಗೈ ಇಟ್ಟಳು. ಗಾಜು ಇಳಿಸಿದ್ದ ಕಿಟಕಿಯಿಂದ ಒಳಗೆ ಇಣುಕಿದಳು. ಗುಂಡಿಗಳು, ದೀಪಗಳು, ಒಂದು ಟಿ.ವಿ.ಯಷ್ಟು ದೊಡ್ಡ ಗಾಜು. ಬಾಗಿಲ ಕಡೆ ತಿರುಗಿ ಕೂಗಿದಳು.

“ಧನಾ, ಬಾ ಇಲ್ಲಿ. ನಿಂಗೂ ಅಂಟೈತಂತಲ್ಲ. ಒಳ್ಗಡೆ ನಂಗೆ ಕೈ ಎಟಕಾಕಿಲ್ಲ.”

ಧನಲಕ್ಷ್ಮಿ ಎದ್ದಳು. ಅವಳ ಹಿಂದೆ ಒಲೆಯ ಹೆಂಗಸರೂ ಬಾಗಿಲಿಗೆ ಬಂದರು. ಸ್ನೇಹಲತಾ ಹೇಳಿದ ಮಾತಿಗೆ ತಪ್ಪುವವರಲ್ಲ. ಅವರು ಚೊಂಬನ್ನು ಹಿಡಿದುಕೊಂಡು ಕಾರನ್ನು ತೊಳೆಯಲು ಹೊರಟೇಬಿಟ್ಟಿದ್ದರು. ಅನಿಲ್‌ಕುಮಾರ್ ಓಡಿಬಂದು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಅಡ್ಡ ನಿಂತರು. ಅವರು ಮುಖ ಮಾಡಿ ನಿಂತದ್ದು ಒಳಗೆ ಬರುತ್ತಿದ್ದ ಹೆಂಗಸರ ಕಡೆಗಲ್ಲ, ಚೊಂಬು ಹಿಡಿದು ಬರುತ್ತಿದ್ದ ಹೆಂಡತಿಯ ಕಡೆಗೆ.